ಜಗಲಿಯ ಮೇಲಿನ ಬೆಟ್ಟ

ಆಟ ಆಡುವುದಕ್ಕಿಂತ ಆಟದ ಕಾನೂನಿನಲ್ಲಿ ಹುಳುಕು ಹುಡುಕುವುದರಲ್ಲೇ ನನಗೆ ಹೆಚ್ಚು ಸುಖ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಚೌಕಾಬಾರದಲ್ಲಿ ನಾನು ಗೆದ್ದದ್ದನ್ನು ಕಂಡವರು ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಸೋತವನಿಗೆ ವಿಮರ್ಶೆಯೇ ಗತಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಆ ವಂಶದವನು. ಆದರೆ ಒಮ್ಮೊಮ್ಮೆ ನೆಲ ನಿಜಕ್ಕೂ ಡೊಂಕಾಗಿರುತ್ತದೆ, ಅದನ್ನೂ ಯಾರಾದರೂ ಹೇಳಬೇಕಲ್ಲ.

ಅರವತ್ತರ ದಶಕದ ಮಾತು. ಅಮಾವಾಸ್ಯೆಯಂದು ಮಗ್ಗ ಮುಟ್ಟಬಾರದೆಂಬುದು ನೇಯುವವರಾದ ನಮ್ಮಲ್ಲಿ ಪದ್ಧತಿ. ಕೈಕಾಲು ಗಟ್ಟಿಯಿದ್ದವರು ಮಾದಪ್ಪನ ಬೆಟ್ಟಕ್ಕೆ ನಡೆದುಬಿಡುತ್ತಿದ್ದರು. ಊರಲ್ಲೇ ಉಳಿದ ನನ್ನಂಥ ಸೋಮಾರಿಗಳಿಗಾಗಿ ನಮ್ಮ ದೊಡ್ಡಪ್ಪನ ಮಗ ಸಿದ್ದರಾಜಣ್ಣ ಒಂದು ಆಟ ಕಟ್ಟಿದ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಕೊಳ್ಳೇಗಾಲದಿಂದ ಹೊರಟು ಕಾಮಗೆರೆ, ಹನೂರು, ಕೌದಳ್ಳಿ, ತಾಳಬೆಟ್ಟ ಹಾದು ಬೆಟ್ಟದ ತುದಿಯವರೆಗೆ ಮನೆಮನೆಯಾಗಿ ಬರೆದ ದಾರಿ. ಆಡುವವರಿಗೆ ಒಂದೊಂದು ವೇಷ. ಅವನ ತಮ್ಮ ಬಸವಣ್ಣ ಬೇಟೆಗಾರ, ನಾನು ಮಂತ್ರವಾದಿ, ನಮ್ಮ ಸೋದರತ್ತೆ ಪುಟ್ಟತಾಯಮ್ಮ ಬೇರುನಾರು ಬಲ್ಲ ವೈದ್ಯಗಿತ್ತಿ. ದಾರಿಯಲ್ಲಿ ಎದುರಾಗುವ ಕಳ್ಳ, ರಾಕ್ಷಸ, ಆನೆ, ಹುಲಿ ಎಲ್ಲವೂ ಸಿದ್ದರಾಜಣ್ಣನೇ. ಏನು ಮಾಡುತ್ತೇವೆಂದು ನಾವು ಬಾಯಲ್ಲಿ ಹೇಳಬೇಕು. ಅದು ಆದೀತೋ ಇಲ್ಲವೋ ಕವಡೆ ಹೇಳುತ್ತದೆ.

ಎಂಥ ಚೆಂದದ ಆಟ! ಕೆಡಿಸಿದ್ದು ಕಾನೂನು. ಬಸವಣ್ಣ ಬಾಣ ಬಿಟ್ಟು ಒಬ್ಬ ಕಳ್ಳನನ್ನು ಕೆಡವಿದ್ದೇ ತಡ, ಮಳೆಯಲ್ಲಿ ಬಿಲ್ಲಿನ ಹೆದೆ ನೆನೆಯುತ್ತದೆ ಎಂಬ ಕಾನೂನು ಬಂತು. ಹಾಗಾದರೆ ಮಳೆ ಬಂದಿದೆಯೋ ಇಲ್ಲವೋ ಎಂದು ನೋಡಲು ಇನ್ನೊಂದು ಸಲ ಕವಡೆ. ನಾನು ಮಂತ್ರ ಹಾಕಿದರೆ ಬಾಯಿ ಒಣಗುತ್ತದೆಂದು ಮತ್ತೊಂದು ಕಾನೂನು. ನಾವು ಜಾಣತನದಿಂದ ತಪ್ಪಿಸಿಕೊಂಡ ಪ್ರತಿ ಸಂದಿಗೂ ಅವನು ಅಗಳಿ ಹಾಕುತ್ತಾ ಹೋದ. ಒಬ್ಬ ರಾಕ್ಷಸ ಸಾಯುವಷ್ಟರಲ್ಲಿ ಒಳಗಿಂದ ಬಂದ ಕಾಫಿ ತಣ್ಣಗಾಗಿರುತ್ತಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಸಾವಿನ ಕಾನೂನು. ಹುಲಿ ಬಂದಾಗ ಕವಡೆ ಕೈಕೊಟ್ಟವರು ಸತ್ತರು. ಅಂದಿನ ಆಟ ಮುಗಿಯುವವರೆಗೆ ಗೋಡೆಗೊರಗಿ ಉಳಿದವರ ಆಟ ನೋಡಬೇಕು. ನಮ್ಮ ಹಿರಿಯರು ಇಷ್ಟು ಕಟುಕರಾಗಿರಲಿಲ್ಲ. ಚೌಕಾಬಾರದಲ್ಲಿ ಕಾಯಿ ಕಡಿದರೆ ಅದು ಮನೆಗೆ ಹೋಗಿ ಮತ್ತೆ ಹೊರಡುತ್ತದೆ. ಹಾವು-ಏಣಿಯಲ್ಲಂತೂ ಹಾವು ನುಂಗಿದವನೂ ಬಾಲದ ಕಡೆಯಿಂದ ಹೊರಬಂದು ಮತ್ತೆ ಹತ್ತುತ್ತಾನೆ. ಕಾಯಿಯನ್ನು ಎಬ್ಬಿಸಬಹುದು, ಆಡುವ ಮನುಷ್ಯನನ್ನು ಆಟದಿಂದ ಎಬ್ಬಿಸಬಾರದು ಎನ್ನುವ ವಿವೇಕ ಅವರಿಗಿತ್ತು. ಇದನ್ನು ನಾನು ಸಿದ್ದರಾಜಣ್ಣನಿಗೆ ಹೇಳಿದಾಗ, "ಆಡಾಕ್ ಬರದೇ ಇದ್ರೂ ಮಾತ್ಗೇನೂ ಕಮ್ಮಿ ಇಲ್ಲ ಕಣ್ಲಾ ನಿಂಗೆ" ಎಂದ.

ನನಗೆ ಸತ್ತರೂ ಬೇಸರವಿರಲಿಲ್ಲ. ಒರಗಿ ನಿದ್ದೆ ಮಾಡುತ್ತಿದ್ದೆ. ಪುಟ್ಟತಾಯತ್ತೆಯ ಕಥೆ ಬೇರೆ. ಹರೆಯದಲ್ಲಿ ಅವಳು ಬೆಟ್ಟಕ್ಕೆ ನಡೆದು ಬರುತ್ತೇನೆಂದು ಹರಕೆ ಹೊತ್ತಿದ್ದಳು. ಅದು ತೀರುವ ಮೊದಲೇ ಬಿದ್ದು ಸೊಂಟ ಮುರಿಯಿತು. ಅಂದಿನಿಂದ ಬೀದಿಯ ತುದಿಯೇ ಅವಳಿಗೆ ಗಡಿ. ಬಸ್ಸಿನಲ್ಲಿ ಕರೆದೊಯ್ಯುತ್ತೇವೆ ಎಂದರೆ, "ನಡ್ಕಂಡ್ ಬತ್ತೀನಿ ಅಂದ್ಬುಟ್ಟು ಬಸ್ಸಲ್ಲಿ ಓದ್ರೆ ಮಾದಪ್ಪ ಏನಂದಾನು?" ಎನ್ನುತ್ತಿದ್ದಳು. ರೇಷ್ಮೆಗೂಡೊಂದನ್ನು ಕಾಯಿ ಮಾಡಿಕೊಂಡು ಅವಳು ಆ ಸುಣ್ಣದ ದಾರಿಯಲ್ಲಿ ನಡೆಯುವುದನ್ನು ನೋಡಿದರೆ ಅದು ಆಟವಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು. ಆದರೆ ಪ್ರತಿ ಸಲ ತಾಳಬೆಟ್ಟ ತಲುಪುವುದರೊಳಗೇ ಹುಲಿ ಅವಳನ್ನು ತಿನ್ನುತ್ತಿತ್ತು.

ಒಂದು ಅಮಾವಾಸ್ಯೆ ಕೌದಳ್ಳಿ ದಾಟಿದ ಮೇಲೆ ಹುಲಿ ಬಂತು. ಕವಡೆ ಎಂದಿನಂತೆ ಕೈಕೊಟ್ಟಿತು.

"ಸತ್ತೋದೆ ಕಣತ್ತೆ, ಗ್ವಾಡೆಗೆ ಒರಗ್ಕೊ" ಎಂದ ಸಿದ್ದರಾಜಣ್ಣ.

ಅತ್ತೆ ಅಲುಗಲಿಲ್ಲ. "ಹುಲಿ ಯಾರ್ದ್ಲಾ?"

"ಕಾಡುದ್ದು."

"ಮಾದಪ್ಪನ ವಾಹನ ಕಣ್ಲಾ ಅದು! ಬೆಟ್ಟಕ್ಕೆ ಒಂಟೋಳ್ನ ಅದ್ಯಾಕ್ಲಾ ತಿಂದದು? ಬೆನ್ಮ್ಯಾಲೆ ಕೂರುಸ್ಕಂಡ್ ಓಯ್ತದೆ."

ನಾವೆಲ್ಲ ಒಟ್ಟಿಗೆ ತಲೆಯೆತ್ತಿದೆವು. ಹುಲಿಯೇರಿದ ಮಾದಪ್ಪನ ಪಟ ಬಾಗಿಲ ಮೇಲೇ ಇತ್ತು. ಅದರ ಕೆಳಗೆ ಕುಳಿತು ಹುಲಿಯನ್ನು ಶತ್ರು ಮಾಡಿದ ಆ ಮಹಾಶಯನಿಗೂ, ಇಷ್ಟು ದಿನ ಎಲ್ಲ ಕಾನೂನನ್ನೂ ಟೀಕಿಸಿ ಇದೊಂದನ್ನು ಕಾಣದ ನನಗೂ ಒಂದೇ ಸಲ ಮುಖ ಸಣ್ಣದಾಯಿತು. ಸಿದ್ದರಾಜಣ್ಣ ಗಲ್ಲ ಬಡಿದುಕೊಂಡು, ಅತ್ತೆಯ ಗೂಡನ್ನು ತಾನೇ ಎತ್ತಿ ಬೆಟ್ಟದ ತುದಿಯಲ್ಲಿಟ್ಟ. ನಾವು ಉಘೇ ಎಂದೆವು. ಅತ್ತೆ ನಕ್ಕಳು, ಆದರೆ ಗೂಡನ್ನು ಸೆರಗಿಗೆ ಗಂಟುಹಾಕಿಕೊಳ್ಳುವಾಗ ಮೆಲ್ಲಗೆ, "ನಡ್ಕಂಡ್ ಬತ್ತೀನಿ ಅಂದಿದ್ದೆ" ಎಂದಳು.

ಮುಂದಿನ ಅಮಾವಾಸ್ಯೆಗೆ ಕಾನೂನು ಬದಲಾಗಿತ್ತು: ಹುಲಿ ಬೆಟ್ಟಕ್ಕೆ ಹೊತ್ತೊಯ್ಯುತ್ತದೆ. ವಿಮರ್ಶಕನಾಗಿ ನಾನು ಹೇಳಲೇಬೇಕು, ಇದೂ ಕೆಟ್ಟ ಕಾನೂನೇ. ಬೇಟೆಗಾರ ಬಸವಣ್ಣನೂ ಬಿಲ್ಲು ಬಿಸಾಡಿ ಹುಲಿ ಬರಲೆಂದು ಕಾದು ಕೂತ. ತಾಳಬೆಟ್ಟದಲ್ಲಿ ಹುಲಿ ಬಂದದ್ದು ಅತ್ತೆಯ ಮುಂದೆ. ಸಿದ್ದರಾಜಣ್ಣ ಬೇಕೆಂದೇ ಕಳಿಸಿದ್ದನೆಂದು ನನ್ನ ಗುಮಾನಿ.

"ಬ್ಯಾಡ ಬುಡ್ಲಾ" ಎಂದಳು ಅತ್ತೆ. ನನ್ನತ್ತ ಕೈ ಮಾಡಿ, "ಈ ಮಂತ್ರವಾದಿಗೆ ಉಸ್ರು ಅತ್ತದೆ, ಇವನ್ನ ಕೂರುಸ್ಕಂಡ್ ಓಗು. ನಾ ನಡ್ಕಂಡ್ ಬತ್ತೀನಿ."

ಬಂದ ಹುಲಿಯನ್ನು ಬೇಡವೆನ್ನಲು ಕಾನೂನಿದೆಯೇ ಎಂದು ಯಾರೂ ಕೇಳಲಿಲ್ಲ. ನಾನು ಬೆಟ್ಟದ ತುದಿಯಲ್ಲಿ ಸುಖವಾಗಿ ಕುಳಿತು ನೋಡಿದೆ. ಅತ್ತೆ ಒಂದೊಂದೇ ಮನೆ ಹತ್ತಿದಳು. ಕವಡೆ ಕಡಿಮೆ ಬಿದ್ದಾಗ ನಿಂತಳು, ಮತ್ತೆ ಹತ್ತಿದಳು. ಕೊನೆಗೆ ಗೂಡು ನನ್ನ ಪಕ್ಕ ಬಂದು ಕೂತಿತು. ಅತ್ತೆ ಪಟಕ್ಕೆ ಕೈಮುಗಿದು, ಕಾಲು ಚಾಚಿ, ಮೊಣಕಾಲು ನೀವಿಕೊಂಡಳು.

"ಅಬ್ಬಾ! ಕಾಲು ಬೋ ನೋಯ್ತದೆ ಕಣ್ಲಾ."

ಕೂತಲ್ಲೇ ಕೂತಿದ್ದ ಹೆಂಗಸಿಗೆ ಕಾಲು ನೋಯಲು ಆಟದಲ್ಲಿ ಯಾವ ಕಾನೂನೂ ಇರಲಿಲ್ಲ. ಸಿದ್ದರಾಜಣ್ಣ ಕವಡೆ ಕೆಳಗಿಟ್ಟು, ಹರಳೆಣ್ಣೆ ತರಲು ಒಳಗೆ ಹೋದ.