ಶಿವಬಸವ್ವನ ಪಡಸಾಲೆಯ ಪಾಠ

ಇಳಕಲ್ಲಿನ ನಮ್ಮ ಓಣಿಯಲ್ಲಿ ಶಿವಬಸವ್ವನಷ್ಟು ಜಾಣೆ ಇನ್ನೊಬ್ಬಳಿರಲಿಲ್ಲ. ಹಾಗೆಂದು ಅವಳೇ ಹೇಳುತ್ತಿದ್ದಳು. ಎಂಬತ್ತೆರಡನೇ ಇಸವಿಯಲ್ಲಿ ಹೆಂಗಸರಿಗೆ ಆಹಾರದ ಪಾಠ ಮಾಡಲು ಹುನಗುಂದದ ಬಸ್ಸಿನಲ್ಲಿ ಬಂದ ಮೇಡಂ ಅವಳನ್ನೇ ಗುಂಪಿನ ಮುಖ್ಯಸ್ಥೆ ಮಾಡಿದರು. ಪಡಸಾಲೆ ದೊಡ್ಡದಿತ್ತು, ದನಿ ಅದಕ್ಕಿಂತ ದೊಡ್ಡದಿತ್ತು. ಇನ್ನೇನು ಬೇಕು?

ಮೊದಲ ದಿನ ಗೋಡೆಗೆ ತೂಗುಹಾಕಿದ ಚಿತ್ರದಲ್ಲಿ ಬಸುರಿಯೊಬ್ಬಳು ಕೋಳಿತತ್ತಿ ಹಿಡಿದು ನಗುತ್ತಿದ್ದಳು. ಎದುರಿಗೆ ಕುಳಿತವರೆಲ್ಲ ಕೊರಳಲ್ಲಿ ಲಿಂಗ ಕಟ್ಟಿದ ನೇಕಾರರ ಹೆಂಗಸರು. ಮೇಡಂ ಹೋದ ಕೂಡಲೇ ಶಿವಬಸವ್ವ ಪಡಸಾಲೆಯನ್ನೆಲ್ಲ ಸಾರಿಸಿದಳು. ದೂರು ಮೇಲಿನ ಕಚೇರಿಯವರೆಗೂ ಹೋಗಿ, ಚಿತ್ರವನ್ನು ಸ್ಥಳೀಯ ಸಂಸ್ಕೃತಿಗೆ ತಕ್ಕಂತೆ ತಿದ್ದಬೇಕೆಂದು ಅಪ್ಪಣೆಯಾಯಿತು. ತಿದ್ದಿದರು. ಮುಂದಿನ ತಿಂಗಳು ಅದೇ ಬಸುರಿ ಇಳಕಲ್ಲ ಸೀರೆ ಉಟ್ಟು ಬಂದಳು. ಕೈಯಲ್ಲಿನ ತತ್ತಿಯನ್ನು ಮಾತ್ರ ಬಿಟ್ಟಿರಲಿಲ್ಲ.

ಕೊನೆಗೆ ಮೇಡಂ ತಾವೇ ತತ್ತಿಯ ಮೇಲೆ ಕಾಗದ ಅಂಟಿಸಿ, ಹೆಸರುಕಾಳು, ಶೇಂಗಾ, ಪುಂಡಿಪಲ್ಲೆ ಎಂದು ಮಾತು ಬದಲಿಸಿದರು. ಬಸುರಿ ಮೊದಲು ಉಣ್ಣಬೇಕು, ಬಿಸಿಯದನ್ನೇ ಉಣ್ಣಬೇಕು ಎಂಬುದನ್ನು ಶಿವಬಸವ್ವ ಬಾಯಿಪಾಠ ಮಾಡಿ ಎಲ್ಲರೆದುರು ಒಪ್ಪಿಸುತ್ತಿದ್ದಳು. ಮೇಡಂಗೆ ಎಲ್ಲಿಲ್ಲದ ಹಿಗ್ಗು.

ಅದೇ ಹೊತ್ತಿಗೆ ಅವಳ ಸೊಸೆ ಸಂಗವ್ವ ಒಳಮನೆಯಲ್ಲಿ ನೂಲು ಸುತ್ತುತ್ತಿದ್ದಳು. ತುಂಬಿದ ಬಸುರಿ. ಹಿಂದಿನ ವರ್ಷದ ಕೂಸು ಹುಟ್ಟಿದ ದಿನವೇ ಹೋಗಿತ್ತು. ಮೈಯಲ್ಲಿ ರಕ್ತವಿಲ್ಲ, ಹೀಗೇ ಇದ್ದರೆ ಇದೂ ಉಳಿಯದು ಎಂದು ನರ್ಸಬಾಯಿ ಹೇಳಿದ್ದಳು. ಆದರೆ ಆ ಮನೆಯಲ್ಲಿ ಗಂಡಸರು ಉಂಡ ಮೇಲೆ ಅತ್ತೆ, ಅತ್ತೆ ಉಂಡ ಮೇಲೆ ಸೊಸೆ. ಅಷ್ಟರಲ್ಲಿ ಉಳಿದಿರುತ್ತಿದ್ದುದು ತಂಗಳು ರೊಟ್ಟಿ, ಪಲ್ಲೆಯ ನೀರು. ಪಾಠವೇನಿದ್ದರೂ ಪಡಸಾಲೆಯದು, ಅಡಿಗೆಮನೆಗೆ ಅದರ ಗೊಡವೆ ಇರಲಿಲ್ಲ. ಪಕ್ಕದ ಮನೆಯವಳಾದ ನನಗೆ ನೋಡಿ ನೋಡಿ ಮೈಯೆಲ್ಲ ಉರಿಯುತ್ತಿತ್ತು.

ಹಿಂದಿನ ಸಲ ಬಸುರಿಗೆ ಕುಬಸದ ಶಾಸ್ತ್ರ ಮಾಡದಿದ್ದುದಕ್ಕೇ ಕೂಸು ಹೋಯಿತೆಂದು ಈ ಸಲ ಜೋರಾಗಿಯೇ ಮಾಡಿದರು. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಸುರಿಯ ಬಯಕೆ ಕೇಳುವುದು ನಮ್ಮ ಪದ್ಧತಿ. ಕೇಳಿದ್ದನ್ನು ಇಲ್ಲವೆಂದರೆ ಕೂಸಿಗೆ ಕೇಡೆಂದು ಎಲ್ಲರಿಗೂ ಅಂಜಿಕೆ. ಮೇಡಂ ಕೂಡ ಬಂದು ಕುಳಿತಿದ್ದರು. ಶಿವಬಸವ್ವ ಓಣಿಗೆಲ್ಲ ಕೇಳುವಂತೆ ಕೇಳಿದಳು:

"ಏನ ಬಯಕಿ ಐತಿ ಹೇಳವಾ? ಹೋಳಿಗಿ ಏನ, ಕರ್ಚಿಕಾಯಿ ಏನ? ಏನ ಕೇಳಿದ್ರೂ ಇಲ್ಲ ಅನ್ನೂದಿಲ್ಲ ನಾ."

ಎಂದೂ ತಲೆಯೆತ್ತದ ಸಂಗವ್ವ ತಲೆಯೆತ್ತಿದಳು.

"ದಿನಾ ನಿಮ್ಮ ಮಗ್ಗಲದಾಗ ಕುಂತು, ಎಲ್ಲಾರಕಿಂತ ಮೊದಲ ಬಿಸಿ ರೊಟ್ಟಿ ಉಣಬೇಕ ಅನ್ನಿಸೇತ್ರಿ ಅತ್ತಿ. ಹಡಿಯೋತನಕಾ."

ಶಿವಬಸವ್ವ ಮೇಡಂ ಕಡೆ ನೋಡಿದಳು, ನಮ್ಮ ಕಡೆ ನೋಡಿದಳು. ಬೇರೆ ದಾರಿಯಿಲ್ಲದೆ "ಹೂಂ" ಎಂದಳು.

ಕೂಸು ಹುಟ್ಟಿತು, ಗುಂಡಗುಂಡಗೆ, ಉಳಿಯಿತು ಕೂಡ. ಮೇಲಿನ ಕಚೇರಿಯವರು ಅದರ ಶ್ರೇಯಸ್ಸನ್ನೆಲ್ಲ ತಿದ್ದಿದ ಚಿತ್ರಕ್ಕೆ ಕೊಟ್ಟು ಕೈತೊಳೆದುಕೊಂಡರು. ಕೊಡಲಿ ಪಾಪ.

ನನಗೆ ನೆನಪಿರುವುದು ಕುಬಸದ ಮರುದಿನ. ಹೆಪ್ಪು ಕೇಳಲು ಹೋಗಿದ್ದೆ. ಸಂಗವ್ವನ ಗಂಡ ಈರಪ್ಪ ಹಸಿದು, ತನ್ನ ಸರದಿ ಕಾಯುತ್ತ ಮಗ್ಗದ ಕುಣಿಯಲ್ಲೇ ಕುಳಿತಿದ್ದ. ಶಿವಬಸವ್ವ ಗೊಣಗುತ್ತಲೇ ರೊಟ್ಟಿ ಬಡಿದು, ಎರಡು ತಾಟು ಇಟ್ಟು ಸೊಸೆಯ ಪಕ್ಕ ಕುಳಿತಳು. ರೊಟ್ಟಿ ಮುರಿದಳು. ಹಬೆ ಎದ್ದಿತು. ಬಾಯಿಗಿಡದೆ ಅದನ್ನೇ ನೋಡುತ್ತ ಕುಳಿತಳು.

"ಈ ಮನಿಗೆ ಬಂದಾಗಿಂದ ಬಿಸೀದು ಉಂಡಿಲ್ಲ ನಾ" ಎಂದಳು, ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. "ನಾಕ ಹಡದೆ, ಒಂದ ಉಳೀತು. ನಿನಗೇನ ಬಯಕಿ ಅಂತ ನನಗ ಯಾರೂ ಕೇಳಲಿಲ್ಲ ನೋಡವಾ."

ಸಂಗವ್ವ ತನ್ನ ತಾಟಿನ ಬೆಣ್ಣೆಯನ್ನು ಅತ್ತೆಯ ರೊಟ್ಟಿಗೆ ಹಚ್ಚಿದಳು.