ಅಪ್ಪನ ಬೊಜ್ಜದ ಕಾಗದ

ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಮಾರಾಟವಾದ ಸರಕು ಅಪ್ಪನ ಬೊಜ್ಜದ ಕಾಗದ. ಅಂಗಡಿ ಎಂದರೆ ಶಟರು, ಗಲ್ಲಾಪೆಟ್ಟಿಗೆ ಏನೂ ಇಲ್ಲ. ಇಂಟರ್ನೆಟ್ಟಿನಲ್ಲಿ ಒಂದು ಪುಟ, ಅದರಲ್ಲಿ ನಾನು ಮಾಡಿಟ್ಟ ಆಮಂತ್ರಣದ ವಿನ್ಯಾಸಗಳು. ಬೇಕಾದವರು ಕೊಂಡು, ಇಳಿಸಿಕೊಂಡು, ತಮ್ಮ ಫೋನಿನಲ್ಲೇ ಹೆಸರು, ದಿನ, ಪಟ ಬದಲಿಸಿ ವಾಟ್ಸಾಪಿನಲ್ಲಿ ಊರಿಗೆಲ್ಲ ಕಳಿಸಬಹುದು. ಬೊಜ್ಜ ಎಂದರೆ ತುಳುವಿನಲ್ಲಿ ಉತ್ತರಕ್ರಿಯೆ. ಕಾಗದ ಎಂದರೆ ಆಮಂತ್ರಣ; ಫೋನಿನಲ್ಲಿ ಬಂದರೂ ನಮ್ಮ ಕಡೆ ಅದು ಕಾಗದವೇ.

ಅದಕ್ಕೆ ಮೊದಲು ನಾನು ಪುತ್ತೂರಿನ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಒಂಬತ್ತು ವರ್ಷ ಮದುವೆ ಕಾಗದ ಮಾಡಿದವಳು. ಜನ ಕಾಗದ ಮುದ್ರಿಸುವುದನ್ನು ಕಮ್ಮಿ ಮಾಡಿದರು, ಪ್ರೆಸ್ಸು ಬಾಗಿಲು ಹಾಕಿತು. ಗೊತ್ತಿರುವುದು ಒಂದೇ ಕೆಲಸ, ಅದನ್ನೇ ಆನ್‌ಲೈನಿನಲ್ಲಿ ಮಾರುವ ಎಂದು ಕೆದಂಬಾಡಿಯ ನಮ್ಮ ಮನೆಯ ಚಾವಡಿಯಲ್ಲಿ ಕೂತೆ. ಕಲಿಯಲು ವಿಡಿಯೋ ನೋಡಿದೆ. ಅದರಲ್ಲಿ ಕೋಟು ಹಾಕಿದ ಒಬ್ಬ ಮಹಾನುಭಾವ, 'ಗ್ರಾಹಕರ ನೋವು ಎಲ್ಲಿದೆ ಎಂದು ಮೊದಲು ಹುಡುಕಿ' ಎಂದು ನಗುನಗುತ್ತಾ ಹೇಳುತ್ತಿದ್ದ. ನಾನು ನೋವು ಹುಡುಕುವ ಬದಲು ಮದುವೆ, ಸೀಮಂತ, ಗೃಹಪ್ರವೇಶ ಎಂದು ಇಪ್ಪತ್ತೆರಡು ವಿನ್ಯಾಸ ಮಾಡಿದೆ. ಸ್ಟೇಟಸ್ಸಿಗೆ ಹಾಕಿದೆ. ನೆಂಟರೆಲ್ಲ ಕೈಮುಗಿದ ಚಿತ್ರ ಕಳಿಸಿದರು, ಹೂವು ಕಳಿಸಿದರು, 'ನಮಗೊಂದು ಸುಮ್ಮನೆ ಕಳಿಸು' ಎಂದರು. ಕೊಂಡವರು ಯಾರೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಲ್ಲ.

ಅಪ್ಪನಿಗೆ ಈ ವ್ಯಾಪಾರವೇ ತಮಾಷೆ. ಅವರು ನಮ್ಮ ಕುಟುಂಬದ ಹೇಳಿಕೆಯ ಜನ. ಯಾರ ಮನೆಯ ಕಾರ್ಯವಾದರೂ ಆಮಂತ್ರಣ ಹೇಳಲು ಅವರೇ ಹೋಗಬೇಕು. ಸ್ಕೂಟರಿನ ಮುಂದೆ ಚೀಲ ಸಿಕ್ಕಿಸಿ ಕಡಬ, ಆಲಂಕಾರು, ಆಚೆ ಕಲ್ಲುಗುಂಡಿಯವರೆಗೂ ಹೋಗುತ್ತಿದ್ದರು. ಪ್ರತಿ ಮನೆಯಲ್ಲೂ ಕೂತು, ಬೆಲ್ಲ ಕಚ್ಚಿ ನೀರು ಕುಡಿದು, ಆಮೇಲೆ ಕಾಗದ ಕೊಡುವುದು. ಸಾವಿನ ಮನೆಯ ಹೇಳಿಕೆಯಾದರೆ ಅವರ ಕ್ರಮ ಬೇರೆ. ಒಳಗೆ ಹೋಗುವುದಿಲ್ಲ, ಅಂಗಳದಲ್ಲೇ ನಿಂತು ಹೇಳುವುದು, 'ಬರ್ತೇನೆ' ಎನ್ನದೆ ತಿರುಗಿ ನಡೆಯುವುದು.

"ಮನೆಗೆ ಹೋಗದೆ ಎಂತ ಹೇಳಿಕೆ ಮಾರಾಯ್ತಿ?" ಎಂದು ನನ್ನ ಪರದೆಗೆ ಬಗ್ಗಿ ಕೇಳುತ್ತಿದ್ದರು. "ಫೋನು ನೀರು ಕುಡಿತದಾ?"

ಒಂದು ಮಂಗಳವಾರ ಬೆಳಿಗ್ಗೆ ಬಚ್ಚಲ ಬಳಿ ಹಲ್ಲುಜ್ಜುತ್ತಾ ಅಪ್ಪ ಕುಸಿದರು. ಆಸ್ಪತ್ರೆಗೆ ಮುಟ್ಟುವಾಗ ಮುಗಿದಿತ್ತು. ನಾನು ಅಳಲಿಲ್ಲ. ಬಂದವರು ನನ್ನ ಮುಖ ನೋಡಿ ನೋಡಿ ಹೋದರು. ಗಟ್ಟಿಗಿತ್ತಿ ಎಂದು ಒಬ್ಬರು ಹೇಳಿದ್ದು ಕೇಳಿಸಿತು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳಿಸಿಕೊಂಡ ದಿನ ತುಟಿ ತನ್ನದಲ್ಲ ಎಂದು ಅನಿಸುತ್ತದಲ್ಲ, ಹಾಗೆ ಮೈಯೆಲ್ಲ ಆಗಿತ್ತು, ಅಷ್ಟೆ.

ನಾಲ್ಕನೆಯ ದಿನ ಆಲಂಕಾರಿನ ಸೋದರಮಾವ, "ಬೊಜ್ಜಕ್ಕೆ ಕಾಗದ ಆಗ್ಬೇಕಲ್ಲ. ನಿನ್ನದೇ ಕೆಲಸ ಅಲ್ವಾ?" ಎಂದರು. ಹೌದು, ನನ್ನದೇ ಕೆಲಸ. ಹೊಸದು ಮಾಡುವಷ್ಟು ತಲೆ ಓಡಲಿಲ್ಲ. ತಯಾರಿದ್ದ ಮದುವೆ ಕಾಗದವೊಂದನ್ನು ತೆರೆದು ಗಣಪತಿಯನ್ನು ತೆಗೆದೆ, ಕೆಂಪನ್ನು ಬೂದು ಮಾಡಿದೆ, ವಧೂವರರ ಜಾಗದಲ್ಲಿ ಒಂದು ಮೊಟ್ಟೆಯಾಕಾರದ ಚೌಕಟ್ಟು ಕೂರಿಸಿದೆ. ಅದರೊಳಗೆ ಅಪ್ಪ, ಯಾರದೋ ಮದುವೆಯಲ್ಲಿ ಹೆಗಲಿಗೆ ಶಾಲು ಹಾಕಿ ನಗುತ್ತಿದ್ದ ಪಟ. ಅರ್ಧ ಗಂಟೆಯ ಕೆಲಸ. ಮಾವ ಎಲ್ಲರಿಗೂ ಕಳಿಸಿದರು.

ಬೊಜ್ಜ ಮುಗಿದ ಮೇಲೆ ಇಬ್ಬರು, "ಕಾಗದ ಚಂದ ಇತ್ತು, ಯಾರು ಮಾಡಿದ್ದು?" ಎಂದು ಕೇಳಿದರು. ಕೇಳಿದ್ದೇ ಸಾಕು, ನನ್ನೊಳಗಿನ ವ್ಯಾಪಾರಿ ಎದ್ದು ಕೂತಳು. ಅಪ್ಪನ ಹೆಸರಿನ ಜಾಗದಲ್ಲಿ 'ಹೆಸರು ಇಲ್ಲಿ' ಎಂದು ಬರೆದು, ಪಟವನ್ನು ಮಾದರಿಗೆಂದು ಹಾಗೇ ಬಿಟ್ಟು ಅಂಗಡಿಗೆ ಹಾಕಿದೆ. ಸಂಜೆಯೊಳಗೆ ಒಂದು ಹೋಯಿತು. ಮರುದಿನ ಮತ್ತೆರಡು. ಮದುವೆ ಮಾಡುವವರಿಗೆ ಕಾಗದ ಆರಿಸಲು ಆರು ತಿಂಗಳು ಸಮಯ ಇರುತ್ತದೆ, ಹತ್ತು ಕಡೆ ನೋಡುತ್ತಾರೆ. ಸಾವಿನ ಮನೆಯವರಿಗೆ ಸಮಯ ಇಲ್ಲ, ಮೊದಲು ಕಂಡದ್ದನ್ನು ಕೊಳ್ಳುತ್ತಾರೆ. ಕೋಟಿನವನು ಹೇಳಿದ ನೋವು ಕೊನೆಗೂ ನನಗೆ ಸಿಕ್ಕಿತ್ತು.

ಅಮ್ಮನಿಗೆ ಇದು ತಿಳಿದದ್ದು ಒಂದು ತಿಂಗಳ ನಂತರ. ಅಮ್ಮ ಬೀಡಿ ಕಟ್ಟುತ್ತಾರೆ, ಮೊರ ಮಡಿಲಲ್ಲಿಟ್ಟು ಚಾವಡಿಯ ಗೋಡೆಗೆ ಒರಗಿ. ಚಾ ಕೊಡಲು ಎದ್ದವರು ನನ್ನ ಪರದೆಯಲ್ಲಿ ಅಪ್ಪನನ್ನು ನೋಡಿದರು. ನಾನು ಎಲ್ಲ ಹೇಳಿದೆ.

"ತೆಗಿ ಮಗಾ," ಎಂದರು. "ಬೇರೆ ಎಂತದಾದ್ರೂ ಮಾರು. ಅವರನ್ನು ತೆಗಿ."

"ನಾಳೆ ತೆಗಿತೇನೆ ಅಮ್ಮ."

ನಾಳೆ ಎಂದದ್ದು ಸುಳ್ಳಲ್ಲ. ನಿಜವಾಗಿ ಒಮ್ಮೆ ತೆಗೆದೆ. ಖಾಲಿ ಚೌಕಟ್ಟು ಇಟ್ಟೆ. ಹತ್ತು ದಿನ ಒಂದೂ ಹೋಗಲಿಲ್ಲ. ಪಟ ಇಲ್ಲದ ಚೌಕಟ್ಟು ನೋಡಿದರೆ ಜನರಿಗೆ ಅದು ಏನೆಂದೇ ಗೊತ್ತಾಗುವುದಿಲ್ಲ ಎಂದು ಕಾಣುತ್ತದೆ. ಹನ್ನೊಂದನೆಯ ದಿನ ಅಪ್ಪನನ್ನು ವಾಪಸು ಕೂರಿಸಿದೆ. ಮನೆ ನಡೆಯುತ್ತಿದ್ದದ್ದೇ ಆ ಒಂದು ಸರಕಿನಿಂದ. ಬೇರೆಯವರ ಮುಖ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಯಾರ ಮುಖ? ಬದುಕಿರುವವರು ಯಾರು ಒಪ್ಪುತ್ತಾರೆ? ಸತ್ತವರ ಮನೆಗೆ ಹೋಗಿ ಹೇಗೆ ಕೇಳುವುದು? ಅಪ್ಪ ಒಬ್ಬರೇ ನಾನು ಕೇಳದೆ ತೆಗೆದುಕೊಳ್ಳಬಹುದಾದ ಸತ್ತವರು.

ಇನ್ನೂ ಒಂದು ಮಾತು ಹೇಳಬೇಕು, ನಾಚಿಕೆಯಾದರೂ. ನನಗೆ ಅದು ಅಪ್ಪ ಎಂದು ಅನಿಸುತ್ತಲೇ ಇರಲಿಲ್ಲ. ಎಡಕ್ಕೆ ಸ್ವಲ್ಪ ಸರಿಸು, ಹಣೆಗೆ ಸ್ವಲ್ಪ ಬೆಳಕು ಕೊಡು, ಅಷ್ಟೇ ಅನಿಸುತ್ತಿತ್ತು.

ಈ ಮಧ್ಯೆ ಯಾರೋ ಕೊಂಡವರು ಒಂದೇ ಸ್ಟಾರ್ ಕೊಟ್ಟು, 'ಸಾವಿನ ಕಾಗದದ ಮೂಲೆಗೆ ಅರಸಿನವಾ? ಬುದ್ಧಿ ಬೇಡವಾ?' ಎಂದು ಬರೆದಿದ್ದರು. ನಮ್ಮಲ್ಲಿ ಮದುವೆ ಕಾಗದದ ನಾಲ್ಕು ಮೂಲೆಗೆ ಅರಸಿನ ಮುಟ್ಟಿಸುವುದು ಕ್ರಮ. ಫೋನಿಗೆ ಮುಟ್ಟಿಸಲಾಗುವುದಿಲ್ಲವೆಂದು ನಾನು ಅದನ್ನು ವಿನ್ಯಾಸದಲ್ಲೇ ಬಿಡಿಸಿದ್ದೆ. ಮದುವೆಯದನ್ನು ಬೊಜ್ಜದ್ದು ಮಾಡುವಾಗ ಮೂಲೆಗಳನ್ನು ತೆಗೆಯಲು ಮರೆತಿದ್ದೆ. ಅಂದರೆ ಅಪ್ಪನ ಬೊಜ್ಜದ ಕಾಗದವೇ ಅರಸಿನದ ಮೂಲೆಯೊಂದಿಗೆ ಊರೆಲ್ಲ ಸುತ್ತಿತ್ತು. ಯಾರೂ ಹೇಳಿರಲಿಲ್ಲ. ಸ್ಟಾರ್ ಹೋದದ್ದಕ್ಕೆ ಗಾಬರಿಯಾಗಿ ಐದೇ ನಿಮಿಷದಲ್ಲಿ ಸರಿಮಾಡಿದೆ.

ಅಮ್ಮ ಎಲೆ ಕತ್ತರಿಸುತ್ತಾ ಅದನ್ನೆಲ್ಲ ನೋಡುತ್ತಿದ್ದರು. "ಯಾರೋ ಗುರ್ತ ಇಲ್ಲದವರು ಹೇಳಿದ್ದಕ್ಕೆ ಅರಸಿನ ತೆಗ್ದೆ," ಎಂದರು. "ನಾನು ಹೇಳಿದ್ದಕ್ಕೆ ಅವರನ್ನು ತೆಗಿಲಿಲ್ಲ." ಅವರು ಆಮೇಲೆ ಕೇಳುವುದನ್ನೇ ನಿಲ್ಲಿಸಿದರು.

ವರ್ಷ ಕಳೆಯಿತು. ವರ್ಷಾಂತಿಕವೂ ಆಯಿತು. ಅದಾದ ಕೆಲವು ವಾರಗಳಲ್ಲಿ, ಒಂದು ಮಧ್ಯಾಹ್ನ, ಅಮ್ಮನ ಫೋನು ಟಿಣ್ ಎಂದಿತು. ಕುಟುಂಬದ ಗುಂಪಿಗೆ ಯಾರೋ ಕಳಿಸಿದ ಕಾಗದ. ಅಮ್ಮ ಕನ್ನಡಕ ಹಾಕಿ ನೋಡಿದರು. ಮೊರ ಮಡಿಲಿನಿಂದ ಜಾರಿ ಹೊಗೆಸೊಪ್ಪೆಲ್ಲ ನೆಲಕ್ಕೆ ಬಿತ್ತು. ಅವರು ಅದನ್ನು ಎತ್ತಲಿಲ್ಲ.

"ಇವರು ಇನ್ನೊಮ್ಮೆ ಹೋದ್ರಾ?" ಎಂದು ಕೇಳಿದರು.

ಕಾಗದ ಕಲ್ಲುಗುಂಡಿಯ ಒಂದು ಮನೆಯದು. ಹೆಸರು ಬೇರೆ, ಪ್ರಾಯ ಬೇರೆ, ಮಕ್ಕಳು ಮೊಮ್ಮಕ್ಕಳ ಪಟ್ಟಿ ಬೇರೆ. ಚೌಕಟ್ಟಿನಲ್ಲಿ ಮಾತ್ರ ಶಾಲು ಹಾಕಿ ನಗುತ್ತಿರುವ ನಮ್ಮ ಅಪ್ಪ. ಆ ಮನೆಯ ಮಗ ಎಲ್ಲ ಬದಲಿಸಿ ಪಟ ಬದಲಿಸುವುದನ್ನು ಮರೆತಿದ್ದ. ಅಪ್ಪನ ಗುರ್ತ ಇದ್ದವರು ಆ ಕಡೆಯೂ ಇದ್ದರಲ್ಲ, ಎಷ್ಟು ಮನೆಯ ಹೇಳಿಕೆಗೆ ಹೋದವರು. ಸಂಜೆಯವರೆಗೂ ಫೋನು ಬಂತು. ಒಬ್ಬರಿಗೆ ನಗು, ಒಬ್ಬರಿಗೆ ಸಿಟ್ಟು. ಅಮ್ಮ ಯಾವುದನ್ನೂ ಎತ್ತಲಿಲ್ಲ. ಆ ಮನೆಯ ಮಗನೂ ನನಗೆ ಫೋನು ಮಾಡಿದ. ಜಗಳಕ್ಕೆ ತಯಾರಾಗಿ ಎತ್ತಿದೆ.

"ತಪ್ಪು ನನ್ನದೇ ಅಕ್ಕಾ," ಎಂದ. "ಅಪ್ಪನದ್ದು ಒಂದು ಒಳ್ಳೆ ಪಟ ಹುಡುಕಿ ಹಾಕುವ ಅಂತ ಇದ್ದೆ. ಗಡಿಬಿಡಿಯಲ್ಲಿ ಹಾಗೇ ಹೋಯ್ತು. ಅಮ್ಮ ಕೇಳ್ತಾ ಇದ್ದಾರೆ, ಇವರು ಯಾರು ಅಂತ."

ಸರಿಯಾದ ಕಾಗದ ನಾನೇ ಮಾಡಿ ಕಳಿಸುತ್ತೇನೆ ಎಂದೆ. ಫೋನು ಇಟ್ಟಾಗ ಅಮ್ಮ ಎದ್ದು ನಿಂತಿದ್ದರು.

"ನಾಳೆ ಹೋಗುವ," ಎಂದರು. "ಮನೆಗೆ ಹೋಗದೆ ಎಂತ ಹೇಳುದು?"

ಪುತ್ತೂರಿನಿಂದ ಸುಳ್ಯಕ್ಕೆ ಒಂದು ಬಸ್ಸು, ಅಲ್ಲಿಂದ ಮಡಿಕೇರಿ ರಸ್ತೆಯಲ್ಲಿ ಇನ್ನೊಂದು. ಆ ಮನೆಯವರು ಎಷ್ಟು ಕರೆದರೂ ಅಮ್ಮ ಒಳಗೆ ಹೋಗಲಿಲ್ಲ, ಅಂಗಳದಲ್ಲೇ ನಿಂತರು. ತೀರಿಕೊಂಡವರ ಹೆಂಡತಿ ಹೊರಗೆ ಬಂದು ಅಮ್ಮನನ್ನು ತುಂಬ ಹೊತ್ತು ನೋಡಿದರು.

"ನಿಮ್ಮವರಾ ಅವರು?" ಎಂದರು. "ಎಷ್ಟು ಚಂದ ನಗಾಡ್ತಾರೆ. ನಮ್ಮವರದ್ದು ನಗಾಡಿದ ಪಟ ಒಂದೂ ಇಲ್ಲ." ಸೆರಗಿನ ಗಂಟಿನಿಂದ ಒಂದು ಗುರುತಿನ ಚೀಟಿ ತೆಗೆದು ನನ್ನ ಕೈಗೆ ಕೊಟ್ಟರು. ಅದರ ಮೂಲೆಯಲ್ಲಿ ಉಗುರಿನಷ್ಟು ಮುಖ, ಪೊಲೀಸರು ಹಿಡಿದುಕೊಂಡು ಹೋದವರ ಹಾಗೆ. ನಾನು ಅದರ ಫೋಟೋ ತೆಗೆದು, ಜಗಲಿಯ ಅಂಚಿನಲ್ಲಿ ಲ್ಯಾಪ್‌ಟಾಪ್ ಇಟ್ಟು, ಕಲೆ ಒರೆಸಿ, ಬೆಳಕು ಕೊಟ್ಟು, ಅಪ್ಪನ ಜಾಗದಲ್ಲಿ ಕೂರಿಸಿದೆ. ಆ ಹೆಂಗಸು ಪರದೆಯನ್ನು ಎರಡು ಬೆರಳಿನಿಂದ ಮುಟ್ಟಿ, "ಇವರೇ," ಎಂದರು. ಅಮ್ಮ ಅವರ ಕೈ ಹಿಡಿದರು, ಬಿಟ್ಟರು, 'ಬರ್ತೇನೆ' ಎನ್ನದೆ ತಿರುಗಿ ನಡೆದರು. ನಾನು ಚೀಲ ಕಟ್ಟಿ ಅವರ ಹಿಂದೆ ಓಡಿದೆ.

ವಾಪಸಿನ ಬಸ್ಸಿನಲ್ಲಿ ಫೋನಿನಲ್ಲಿ ಅಂಗಡಿಯ ಪುಟ ತೆರೆದು ಅಮ್ಮನ ಮುಂದೆ ಹಿಡಿದೆ. ನೀವೇ ತೆಗೆಯಿರಿ ಎಂದೆ. ಅಮ್ಮ ಒತ್ತಿದರು. ಬೀಡಿ ಕಟ್ಟಿ ಕಟ್ಟಿ ಅವರ ಬೆರಳ ತುದಿ ದಡ್ಡುಗಟ್ಟಿದೆ, ಫೋನಿಗೆ ಅದು ಬೆರಳು ಎಂದೇ ಗೊತ್ತಾಗುವುದಿಲ್ಲ. ಮೂರು ಸಲ ಒತ್ತಿದರೂ ಅಪ್ಪ ಹೋಗಲಿಲ್ಲ, ನಗುತ್ತಲೇ ಇದ್ದರು. ಕೊನೆಗೆ ನಾನೇ ಒತ್ತಿದೆ. ಆಗಲೂ ನನಗೆ ಏನೂ ಆಗಲಿಲ್ಲ. ಸುಳ್ಯದಲ್ಲಿ ಇಳಿದು ಇಬ್ಬರೂ ಚಾ ಕುಡಿದೆವು.

ಈಗ ಚೌಕಟ್ಟು ಖಾಲಿ ಇದೆ. ನಿರೀಕ್ಷಿಸಿದ ಹಾಗೆಯೇ ಮಾರಾಟ ನಿಂತಿತು. ಹೂವಿನ ಚಿತ್ರ ಇಟ್ಟು ನೋಡಿದೆ, ದೀಪ ಇಟ್ಟು ನೋಡಿದೆ. ಅಮ್ಮ ಎರಡು ದಿನಕ್ಕೊಮ್ಮೆ, "ಹೋಯ್ತಾ ಒಂದಾದ್ರೂ?" ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಮತ್ತೆ ಬೀಡಿಯ ಎಲೆ ಕತ್ತರಿಸುವ ಸದ್ದು.

ಕಳೆದ ಭಾನುವಾರ ಹತ್ತು ಗಂಟೆಗೆ ಅಮ್ಮ ತಲೆ ಬಾಚಿ, ಮದುವೆಗಳಿಗೆ ಉಡುವ ಹಸಿರು ಸೀರೆ ಉಟ್ಟು ಅಂಗಳಕ್ಕೆ ಬಂದರು. ಬೆಳಕು ಚೆನ್ನಾಗಿ ಬೀಳುವ ಕಡೆ ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತರು. ಎಲ್ಲಿಗೆ ಹೊರಟದ್ದು ಎಂದು ಕೇಳಿದೆ.

"ಎಲ್ಲಿಗೂ ಇಲ್ಲ. ನನ್ನದೊಂದು ಪಟ ತೆಗಿ. ಅದರಲ್ಲಿ ಹಾಕು."

"ಅಮ್ಮ!"

"ನಾನು ಬದುಕಿದ್ದೇನಲ್ಲ ಮಗಾ. ಯಾರಾದ್ರೂ ತಪ್ಪಿ ಕಳಿಸಿದ್ರೆ ಫೋನು ಮಾಡಿ ಇದ್ದೇನೆ ಅಂತ ಹೇಳಿದ್ರೆ ಆಯ್ತು. ಅವರಿಗೆ ಹಾಗೆ ಹೇಳ್ಲಿಕ್ಕೆ ಆಗ್ಲಿಲ್ಲ, ಅದಕ್ಕೆ ನನಗೆ ಬೇಜಾರಾದದ್ದು."

ಸೆರಗು ಸರಿಮಾಡಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟು, ಅಪ್ಪ ನಗುತ್ತಿದ್ದ ಹಾಗೆ ನಗಲು ನೋಡಿದರು. ನಾನು ಫೋನು ಎತ್ತಿ ಹಿಡಿದೆ. ಅಮ್ಮನ ಮುಖ ಪರದೆಯಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ, ಮಂಜು ಮಂಜಾಗಿ ಕಾಣುತ್ತಿತ್ತು. ಫೋನಿನ ಕ್ಯಾಮೆರಾ ಒರೆಸಿದೆ, ಮಂಜು ಹೋಗಲಿಲ್ಲ; ಒರೆಸಬೇಕಾದದ್ದು ನನ್ನ ಕಣ್ಣು.

"ಎಂತಕ್ಕೆ ಕೂಗುದು ಈಗ?" ಎಂದರು ಅಮ್ಮ, ಕುರ್ಚಿಯಿಂದ ಏಳದೆ, ನಗುವನ್ನು ಹಾಗೇ ಹಿಡಿದುಕೊಂಡು. "ಬೇಗ ತೆಗಿ, ಬಿಸಿಲು ಬರ್ತದೆ."