ಹೆಚ್ಚಿಗೆ ಒಂದು ಸಕ್ಕರೆ

ಮೊನ್ನೆ ಮೊನ್ನೆಯವರೆಗೆ ನಾನು ಚಹಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದೆ. ನನಗೆ ಸಕ್ಕರೆ ಕಾಯಿಲೆಯೇನೂ ಇಲ್ಲ. ಹೆಂಡತಿಗೆ ನನ್ನದೊಂದು ಕಿಡ್ನಿ ಕೊಡಬೇಕಿತ್ತು, ಅದಕ್ಕೆ. ಅದಕ್ಕೂ ಇದಕ್ಕೂ ಎಂತ ಸಂಬಂಧ ಮಾರಾಯ ಅಂತ ನೀವು ಕೇಳಿದರೆ, ಈಗ ನನಗೂ ಹೇಳಲಿಕ್ಕೆ ಬರುವುದಿಲ್ಲ. ಆಗ ಮಾತ್ರ ಎಲ್ಲ ಸ್ಪಷ್ಟವಾಗಿತ್ತು.

ಕಾನಸೂರಿನಲ್ಲಿ ನನ್ನದು ಮಿಕ್ಸರ್, ಪಂಪು ರಿಪೇರಿ ಅಂಗಡಿ. ಯಾವ ಕಂಪನಿಯ ಭಾಗವನ್ನಾದರೂ ಯಾವ ಪಂಪಿಗಾದರೂ ಕೂಡಿಸಬಲ್ಲೆ ಎಂಬ ಜಂಬ ನನಗಿದೆ. ಸಡಿಲವಾದರೆ ವಾಷರ್, ಬಿಗಿಯಾದರೆ ಅರ, ಎರಡಕ್ಕೂ ಬಗ್ಗದಿದ್ದರೆ ಸುತ್ತಿಗೆ. ಹೀಗಾಗಿ ಹೆಂಡತಿ ಮಾಲತಿಯ ಎರಡೂ ಕಿಡ್ನಿ ಕೆಟ್ಟು, ಡಯಾಲಿಸಿಸ್‌ಗೆಂದು ಶಿರಸಿಗೆ ಓಡಾಡಿ ಓಡಾಡಿ ಅವಳು ಹೈರಾಣಾದಾಗ, ನನ್ನದೊಂದನ್ನು ಬಿಚ್ಚಿ ಅವಳಿಗೆ ಹಾಕಿದರಾಯಿತು ಅಂದುಕೊಂಡೆ. ಅವಳದು ಮಾತ್ರ ಮೊದಲಿನಿಂದಲೂ "ಬ್ಯಾಡ" ಎಂಬ ಒಂದೇ ಹಟ. ಒತ್ತಾಯ ಮಾಡಿ ಹುಬ್ಬಳ್ಳಿಗೆ ಕರೆದುಕೊಂಡು ಹೋದರೆ, ಅಲ್ಲಿಯ ಡಾಕ್ಟರಮ್ಮ ನನ್ನ ಸುತ್ತಿಗೆಯನ್ನೇ ಕಸಿದುಕೊಂಡರು.

"ನೋಡ್ರಿ, ನಿಮ್ದು ಎ ಗುಂಪಿನ ರಕ್ತ, ಅವರದು ಓ. ಹಂಗ ಸೀದಾ ಕೂಡೂದಿಲ್ರಿ."

ವ್ಯತ್ಯಾಸ ಎಷ್ಟು ದೊಡ್ಡದು ಅಂತೀರಿ? ಒಂದು ಸಕ್ಕರೆ! ನಮ್ಮ ಮೈಯ ಜೀವಕೋಶಗಳ ಹೊರಮೈಗೆಲ್ಲ ಸಕ್ಕರೆಯ ಅಣುಗಳು ಸರಪಳಿಯ ಹಾಗೆ ಅಂಟಿಕೊಂಡಿರುತ್ತವಂತೆ. ರೋಗನಿರೋಧಕ ಶಕ್ತಿ ಅನ್ನುತ್ತೇವಲ್ಲ, ಆ ಕಾವಲಿನವರು ತಡವಿ ನೋಡುವುದು ಇದನ್ನೇ. ಕೆಲವು ಸಕ್ಕರೆ ಕೈಗೆ ಸಿಕ್ಕರೆ ನಮ್ಮವರೇ ಅಂತ ತಣ್ಣಗಾಗುತ್ತಾರೆ, ಗುರುತಿಲ್ಲದ್ದು ಸಿಕ್ಕರೆ ಬಡಿಗೆ ಹಿಡಿದು ಏಳುತ್ತಾರೆ. ಮಾಲತಿಯ ಸರಪಳಿಯ ತುದಿಯಲ್ಲಿ ಇಲ್ಲದ ಒಂದು ಸಕ್ಕರೆ ನನ್ನದರ ತುದಿಯಲ್ಲಿದೆ. ಅದೊಂದಕ್ಕಾಗಿ ಅವಳ ಕಾವಲಿನವರು ನನ್ನ ಕಿಡ್ನಿಯನ್ನು ಜಜ್ಜಿ ಹಾಕುತ್ತಾರೆ.

ನಿಜ ಹೇಳುತ್ತೇನೆ, ನನಗೆ ಅವಮಾನವಾದಂತಾಯಿತು. ಮದುವೆಯಾದಾಗಿನಿಂದ ಒಂದೇ ಡಬ್ಬಿಯ ಸಕ್ಕರೆ ತಿಂದವರು ನಾವು! ವಾಪಸು ಬರುವಾಗ ಬಸ್ಸಿನಲ್ಲಿ ತಲೆ ಓಡಿಸಿದೆ. ಅವಳು ಚಹಕ್ಕೆ ಒಂದು ಚಮಚ ಹಾಕಿಕೊಳ್ಳುತ್ತಾಳೆ, ನಾನು ಎರಡು. ಹೆಚ್ಚಿಗೆ ಒಂದು ಎಲ್ಲಿಂದ ಬಂತು ಅಂತ ಮತ್ತೆ ಕೇಳಬೇಕೇ? ಅವತ್ತಿನಿಂದಲೇ ನನ್ನ ವ್ರತ ಶುರು. ದೋಸೆಗೆ ಜೋನಿಬೆಲ್ಲ ಇಲ್ಲ, ಯಾರೋ ಪ್ರೀತಿಯಿಂದ ತಂದುಕೊಟ್ಟ ಕಬ್ಬಿನ ಹಾಲಿನ ಸಿಹಿ ತೊಡದೇವಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕಾರಣ ಯಾರಿಗೂ ಹೇಳಲಿಲ್ಲ, ಏಕೆಂದರೆ ಒಳಗೊಳಗೇ ಸಣ್ಣ ಸಂಶಯವಿತ್ತು.

ಅಷ್ಟರಲ್ಲಿ ಮಾಲತಿಯನ್ನು ನೋಡಲು ತ್ಯಾಗಲಿಯಿಂದ ದೊಡ್ಡಾಯಿ, ಅಂದರೆ ನನ್ನ ಅಮ್ಮನ ಅಕ್ಕ, ಬಂದಳು. ಡಾಕ್ಟರಮ್ಮ ಹೇಳಿದ ಸಕ್ಕರೆಯ ಕಥೆ ಕೇಳಿ ಅವಳಿಗಾದ ಗೊಂದಲವೇ ಬೇರೆ. "ಧಾರೆ ಎರದ ಮೇಲೆ ಮಾಲತಿ ಗೋತ್ರ ನಿಂದೇ ಆತಲಾ ತಮಾ. ಮತ್ತೆ ಸಕ್ಕರೆ ಎಂತಕ್ಕೆ ಬದ್ಲಾಜಿಲ್ಲೆ?"

ನಗಲಿಕ್ಕೆ ಹೋದವನು ಅಲ್ಲೇ ನಿಂತೆ. ಹೌದಲ್ಲ! ಪುರೋಹಿತರು ಒಂದು ಬೊಗಸೆ ನೀರಿನಲ್ಲಿ ಅವಳ ಗೋತ್ರವನ್ನೇ ಬದಲಿಸಿದ್ದರು. ಅದಕ್ಕೆ ಮೊದಲು ಹಿರಿಯರು ಬೇರೆ ಗೋತ್ರವೇ ಬೇಕೆಂದು ಸಿದ್ದಾಪುರದಿಂದ ಯಲ್ಲಾಪುರದವರೆಗೆ ಹುಡುಕಿದ್ದರು. ಈಗ ಡಾಕ್ಟರು ಒಂದೇ ಗುಂಪು ಬೇಕು ಅನ್ನುತ್ತಾರೆ. ಮದುವೆಗೆ ಬೇರೆಯಾಗಿರಬೇಕು, ಕಿಡ್ನಿಗೆ ಒಂದೇ ಆಗಿರಬೇಕು ಅಂದರೆ ಗಂಡನಾದವನು ಎಂತ ಮಾಡುವುದು ಹೇಳಿ.

ಮತ್ತೆ ಹುಬ್ಬಳ್ಳಿಗೆ ಹೋದಾಗ ತಡೆಯಲಾರದೆ ನನ್ನ ವ್ರತದ ಸುದ್ದಿ ಬಾಯಿಬಿಟ್ಟೆ. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ತಿನ್ನೂ ಸಕ್ಕರಿಗೂ ಅದಕ್ಕೂ ಸಂಬಂಧ ಇಲ್ರೀ ಯಪ್ಪಾ! ಅದು ಹುಟ್ಟಿನಿಂದ ಬಂದದ್ದು." ಮಾಲತಿ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೂತಳು.

ಆಮೇಲೆ ಡಾಕ್ಟರಮ್ಮ ಒಂದು ದಾರಿ ಹೇಳಿದರು. ಮಾಲತಿಯ ರಕ್ತವನ್ನು ಸೋಸಿ, ನನ್ನ ಸಕ್ಕರೆಯ ಮೇಲೆ ಏರಿ ಬರುವ ಕಾವಲಿನವರನ್ನು ಹೊರಹಾಕಿ, ಔಷಧ ಕೊಟ್ಟು ಉಳಿದವರನ್ನು ಮಂಕು ಮಾಡಿ, ಆಮೇಲೆ ಕಿಡ್ನಿ ಕೂರಿಸುವುದಂತೆ.

"ಅವರು ಮತ್ತೆ ಎದ್ದು ಬಂದರೆ?" ಮಾಲತಿ ಕೇಳಿದಳು. "ಇವರದ್ದೂ ಒಂದು ಹೋತು, ನನಗೂ ದಕ್ಕಲಿಲ್ಲ ಅಂತಾಗುವುದು ಬೇಡ." ಅವಳ ಹಟದ ಒಳಗೆ ಇದ್ದದ್ದು ಈ ಹೆದರಿಕೆ ಅಂತ ನನಗೆ ಗೊತ್ತಾದದ್ದೇ ಆಗ.

"ಎದ್ದು ಬರ್ತಾರ್ರಿ, ಸುಳ್ಳು ಹೇಳೂದಿಲ್ಲ. ಗುಳಿಗಿ ಕಾಯಂ ನುಂಗಬೇಕು. ಆದ್ರ ಮೊದಲಿನ ಕೆಲವು ವಾರ ದಾಟಿದ್ರ, ಭಾಳ ಮಂದಿಯೊಳಗ ಒಂದು ಸೋಜಿಗ ಆಗ್ತದ. ಆ ಸಕ್ಕರಿ ಅಲ್ಲೇ ಇರ್ತದ, ಕಾವಲಿನವರೂ ಇರ್ತಾರ, ಹೊಡಿಯೂದಿಲ್ಲ. ಹೊಂದಿಕೊಂಡು ಬಿಡ್ತಾರ. ಯಾಕಂತ ನಮಗೂ ಪೂರಾ ಗೊತ್ತಿಲ್ರಿ."

ಇಷ್ಟು ಓದಿದವರಿಗೂ ಗೊತ್ತಿಲ್ಲ ಅಂದದ್ದು ಕೇಳಿ ನನಗೆ ಎಂಥದೋ ಸಮಾಧಾನವಾಯಿತು. ಮಾಲತಿ ನನ್ನ ಕಡೆ ತಿರುಗಿದಳು.

"ದಿನಾ ಕಣ್ಣೆದುರಿಗೇ ಇರ್ತು, ಸರಿ ಮಾಡಲೂ ಬತ್ತಿಲ್ಲೆ, ಹೊಂದ್ಕ್ಯಂಡು ಹೋಗವು. ಅಷ್ಟೇ ಅಲ್ದಾ? ಅದು ಎನಗೆ ಅಭ್ಯಾಸ ಇದ್ದು. ಯಾವತ್ತು ಬರವು ಕೇಳಿ."

ಡಾಕ್ಟರಮ್ಮನಿಗೆ ನಮ್ಮ ಮಾತು ತಿಳಿಯಲಿಲ್ಲ. "ಏನಂದ್ರು?" ಅಂದರು. ಯಾವತ್ತು ಬರಬೇಕಂತೆ ಅಂತಷ್ಟೇ ಹೇಳಿದೆ; ಹೊಂದಿಕೊಂಡು ಹೋಗಿ ಅಭ್ಯಾಸವಾದದ್ದು ನನ್ನ ಜೊತೆ ಎಂಬುದನ್ನು ನನ್ನಲ್ಲೇ ಇಟ್ಟುಕೊಂಡೆ.

ಹೊರಗೆ ಹೋಟೆಲಿನಲ್ಲಿ ಅವಳೇ ನನ್ನ ಚಹಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕಲಕಿ ಕೊಟ್ಟಳು. ಬಿಟ್ಟು ರೂಢಿಯಾಗಿತ್ತಲ್ಲ, ಬಾಯಿಗಿಡಲಾರದಷ್ಟು ಸಿಹಿ. ಪೂರ್ತಿ ಕುಡಿದೆ. ಇನ್ನು ನಾನೂ ಸ್ವಲ್ಪ ಹೊಂದಿಕೊಳ್ಳಬೇಕಲ್ಲ.